ಬೋರ್ಡ್ ಸಾಫ್ಟ್‌ವೇರ್‌ಗೆ 3ಡಿ ಸೇರಿಸುವ ಮುಂಚೆ: ನೋಡೋಕಾ, ಅಳೆಯೋಕಾ?

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್) ಡಿಸೈನ್ ಮಾಡುವ ಒಂದು ಚಿಕ್ಕ ಓಪನ್ ಸೋರ್ಸ್ ಸಾಫ್ಟ್‌ವೇರ್ ಬರೆದಿದ್ದೇವೆ. ಸಿ++ ಮತ್ತು ಕ್ಯೂಟಿಯಲ್ಲಿದೆ, ಲೈಸೆನ್ಸ್ ಎಂಐಟಿ. ನಮ್ಮ ಕಡೆಯ ಕೆಲವು ಡಿಪ್ಲೊಮಾ ಕಾಲೇಜುಗಳ ಲ್ಯಾಬ್‌ನಲ್ಲಿ ಬಳಸುತ್ತಾರೆ. ಎರಡು ಲೇಯರ್ ಬೋರ್ಡ್ ಮಾಡೋಕೆ ಏನೂ ತೊಂದರೆ ಇಲ್ಲ, ಬೋರ್ಡ್ ತಯಾರಿಸುವವರಿಗೆ ಕೊಡುವ ಗರ್ಬರ್ ಫೈಲ್ ಸರಿಯಾಗಿ ಬರುತ್ತೆ. ಈಗ ಎಲ್ಲರೂ ಕೇಳುವುದು ಒಂದೇ, "ಕೀಕ್ಯಾಡ್‌ನಲ್ಲಿ ಇರೋ ಹಾಗೆ 3ಡಿ ಯಾವಾಗ ಬರುತ್ತೆ?" ಕೀಕ್ಯಾಡ್ ಕೂಡ ಪಿಸಿಬಿ ಡಿಸೈನ್ ಮಾಡುವ ಸಾಫ್ಟ್‌ವೇರ್. ನಮ್ಮಲ್ಲೇ ಒಮ್ಮತ ಇಲ್ಲ. ಒಬ್ಬ ಇದು ಬರೀ ಶೋಕಿ, ಬೇಡ ಅನ್ನುತ್ತಾನೆ. ಇನ್ನೊಬ್ಬ ಓಪನ್‌ಜಿಎಲ್‌ನಲ್ಲಿ (3ಡಿ ಚಿತ್ರ ತೋರಿಸುವ ಗ್ರಾಫಿಕ್ಸ್ ವ್ಯವಸ್ಥೆ) ಒಂದು ತಿಂಗಳ ಕೆಲಸ ಅನ್ನುತ್ತಾನೆ. ಕೀಕ್ಯಾಡ್ ಓಪನ್ ಸೋರ್ಸ್ ತಾನೇ, ಅದರ ಕೋಡನ್ನೇ ತಂದು ಹಾಕಿಕೊಂಡರೆ ಆಯ್ತಲ್ಲ ಅನ್ನುವುದು ನನ್ನ ಯೋಚನೆ. ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕಾಂಪೊನೆಂಟ್‌ಗಳ ಮಾಡೆಲ್ ಎಲ್ಲಿಂದ ತರಬೇಕು ಅನ್ನುವುದೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. 3ಡಿ ನಿಜವಾಗಿ ಬೇಕಾ, ಎಷ್ಟು ಕೆಲಸ, ಬೇರೆಯವರ ಕೋಡ್ ತರಬಹುದಾ, ಲ್ಯಾಬ್‌ನ ಸಾಧಾರಣ ಕಂಪ್ಯೂಟರ್‌ನಲ್ಲಿ ಓಡುತ್ತಾ. ಇವುಗಳ ಹಿಂದೆ ನೀವು ಕೇಳದೇ ಬಿಟ್ಟ ಐದನೆಯದೊಂದಿದೆ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ನಿಮ್ಮ 3ಡಿ ನೋಡುವುದಕ್ಕಾ, ಅಳೆಯುವುದಕ್ಕಾ? ಹೊರಗಿನಿಂದ ಇವೆರಡೂ ಒಂದೇ ಥರ ಕಾಣುತ್ತವೆ. ಒಳಗೆ ಬೇರೆ ಬೇರೆ ಕೆಲಸ. ಇದನ್ನು ತೀರ್ಮಾನಿಸದೆ ಕೋಡ್ ಬರೆಯೋಕೆ ಕೂತರೆ ಅರ್ಧ ದಾರಿಯಲ್ಲಿ ಎಲ್ಲವನ್ನೂ ಮತ್ತೆ ಬರೆಯಬೇಕಾಗುತ್ತದೆ.

ನೋಡುವ 3ಡಿಗೆ ಬೇಕಾಗುವುದು ತ್ರಿಕೋನಗಳು. ಬೋರ್ಡ್, ತಾಮ್ರ, ಮಾಸ್ಕ್ (ತಾಮ್ರದ ಮೇಲಿನ ಹಸಿರು ಹೊದಿಕೆ), ಐಸಿ ಎಲ್ಲವನ್ನೂ ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದು ಬಣ್ಣ ಹಚ್ಚಿ ತೆರೆಯ ಮೇಲೆ ತೋರಿಸುತ್ತೀರಿ. ಇದನ್ನೇ ಮೆಷ್ ಅನ್ನುತ್ತಾರೆ. ಅಳೆಯುವ 3ಡಿಗೆ ಅಷ್ಟು ಸಾಲದು. ಅಲ್ಲಿ ರಂಧ್ರ ಅಂದರೆ ನಿಜವಾದ ಸಿಲಿಂಡರ್. ಅದಕ್ಕೊಂದು ಅಕ್ಷ, ಒಂದು ವ್ಯಾಸ ಇರುತ್ತದೆ. ಡಬ್ಬಿ ಡಿಸೈನ್ ಮಾಡುವ ಮೆಕ್ಯಾನಿಕಲ್ ಎಂಜಿನಿಯರ್ ಆ ರಂಧ್ರದ ಅಂಚನ್ನು ಕ್ಲಿಕ್ ಮಾಡಿ "ಇಲ್ಲಿ 3.2 ಮಿಮೀ" ಎಂದು ಓದಬೇಕು. ಮೆಷ್ ಕೊಟ್ಟರೆ ಅವರ ಕೈಗೆ ಸಿಗುವುದು ಹದಿನಾರು ಮೂಲೆಯ ಒಂದು ಆಕೃತಿ. ಅವರು ಕೇಳುವುದು ಸ್ಟೆಪ್ ಫೈಲ್. ಅದು ಐಎಸ್‌ಒ 10303 ಅನ್ನುವ ಮಾನದಂಡ, 1994ರಿಂದ ಇದೆ. ಆಕಾರವನ್ನು ಗಣಿತದ ಮೇಲ್ಮೈಗಳಾಗಿಯೇ ಇಡುತ್ತದೆ.

ಕೀಕ್ಯಾಡ್‌ನ ಕಥೆಯೇ ಇದಕ್ಕೆ ಉದಾಹರಣೆ. ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಪಾಠ ಹೇಳುತ್ತಿದ್ದ ಜೀನ್-ಪಿಯರ್ ಶರಾಸ್ 1992ರಲ್ಲಿ ಅದನ್ನು ಶುರು ಮಾಡಿದರು. ಅದರಲ್ಲಿ 3ಡಿ ನೋಟ ಬಹಳ ಹಿಂದಿನಿಂದಲೂ ಇತ್ತು. ಆಗ ಮಾಡೆಲ್‌ಗಳನ್ನು ವಿಂಗ್ಸ್ 3ಡಿ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಮಾಡಿ ವಿಆರ್‌ಎಂಎಲ್ ಅನ್ನುವ ಮೆಷ್ ಫೈಲ್ ಆಗಿ ಇಡುತ್ತಿದ್ದರು. ಚಿತ್ರ ಚೆನ್ನಾಗಿತ್ತು, ಅಳತೆಗೆ ಬರುತ್ತಿರಲಿಲ್ಲ. ಸ್ಟೆಪ್ ಫೈಲನ್ನು ನೇರವಾಗಿ ಓದುವುದು, ಇಡೀ ಬೋರ್ಡನ್ನು ಸ್ಟೆಪ್ ಆಗಿ ಹೊರಗೆ ಕೊಡುವುದು, ಇವೆರಡೂ ಸೇರಿಕೊಂಡಿದ್ದು 2018ರ ಜುಲೈನಲ್ಲಿ ಬಂದ 5.0ರಲ್ಲಿ. ಅಲ್ಲಿಯವರೆಗೆ ಬಳಕೆದಾರರು ಫ್ರೀಕ್ಯಾಡ್ ಅನ್ನುವ ಮೆಕ್ಯಾನಿಕಲ್ ಡಿಸೈನ್ ಸಾಫ್ಟ್‌ವೇರ್‌ನ ಸ್ಟೆಪ್‌ಅಪ್ ಅನ್ನುವ ಜೋಡಣೆಯಿಂದ ಕೆಲಸ ನಡೆಸುತ್ತಿದ್ದರು. ಅಂದರೆ ನೋಡುವುದರಿಂದ ಅಳೆಯುವುದಕ್ಕೆ ಹೋಗಲು ವರ್ಷಗಳೇ ಬೇಕಾದವು. ಲಿಬ್ರೆಪಿಸಿಬಿ ಅನ್ನುವ ಇನ್ನೊಂದು ಪಿಸಿಬಿ ಸಾಫ್ಟ್‌ವೇರ್ ಬೇರೆ ದಾರಿ ಹಿಡಿಯಿತು. 0.1 ಬಂದಿದ್ದು 2018ರಲ್ಲಿ, 3ಡಿ ಇಲ್ಲದೆಯೇ. 2023ರ 1.0ರಲ್ಲಿ 3ಡಿ ನೋಟವನ್ನೂ ಸ್ಟೆಪ್ ಎಕ್ಸ್‌ಪೋರ್ಟನ್ನೂ ಒಟ್ಟಿಗೇ ತಂದರು. ಹಾಗಾಗಿ 3ಡಿ ಇಲ್ಲ ಎಂದ ಮಾತ್ರಕ್ಕೆ ನಿಮ್ಮ ಸಾಫ್ಟ್‌ವೇರ್ ಅರೆಬರೆ ಅಂದುಕೊಳ್ಳಬೇಕಿಲ್ಲ.

ಈಗ "ಬರೀ ಶೋಕಿ" ಅನ್ನುವ ಮಾತು. ನಿಮ್ಮ ಗೆಳೆಯರ ಈ ಮಾತನ್ನು ನಾನು ಒಪ್ಪುವುದಿಲ್ಲ, ಅದರಲ್ಲೂ ಕಲಿಯುವ ಹುಡುಗರ ವಿಷಯದಲ್ಲಿ. 2ಡಿ ತೆರೆಯಲ್ಲಿ ಎಲ್ಲ ಲೇಯರ್‌ಗಳೂ ಒಂದರ ಮೇಲೊಂದು ಬಣ್ಣದ ಗೆರೆಗಳಾಗಿ ಬಿದ್ದಿರುತ್ತವೆ. ಸೋಲ್ಡರ್ ಮಾಸ್ಕ್ ಲೇಯರ್‌ನಲ್ಲಿ ಗೆರೆ ಎಳೆದರೆ ಅಲ್ಲಿ ಮಾಸ್ಕ್ ಬರುತ್ತದೆ ಎಂದು ಹುಡುಗರು ನಂಬಿರುತ್ತಾರೆ. ನಿಜ ಅದರ ಉಲ್ಟಾ, ಅಲ್ಲಿ ಮಾಸ್ಕ್ ತೆರೆದುಕೊಳ್ಳುತ್ತದೆ. 3ಡಿಯಲ್ಲಿ ಹಸಿರು ಹೋಗಿ ತಾಮ್ರ ಹೊಳೆದಾಗ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಯುಎಸ್‌ಬಿ ಕನೆಕ್ಟರ್ ಬಾಯಿ ಬೋರ್ಡಿನ ಒಳಗಡೆಗೆ ತಿರುಗಿದ್ದು, ಡಿಸ್‌ಪ್ಲೇ ಕೆಳಗೆ ಎತ್ತರದ ಕೆಪಾಸಿಟರ್ ಕೂತಿದ್ದು, ಎಂ3 ಸ್ಕ್ರೂ ರಂಧ್ರದ ಪಕ್ಕದಲ್ಲೇ ಟ್ರ್ಯಾಕ್ ಹೋಗಿದ್ದು, ಇವೆಲ್ಲ 2ಡಿಯಲ್ಲೂ ಇರುತ್ತವೆ. ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಎಂ3 ರಂಧ್ರ 3.2 ಮಿಮೀ ಇರಬಹುದು, ಆದರೆ ಅದರ ಮೇಲೆ ಕೂರುವ ಮಾಮೂಲಿ ವಾಷರ್ 7 ಮಿಮೀ ಅಗಲ. ಸ್ಕ್ರೂ ಬಿಗಿದಾಗ ಮಾಸ್ಕ್ ಕೆರೆದು ಶಾರ್ಟ್ ಆಗುವುದು ಈ ವ್ಯತ್ಯಾಸದಲ್ಲೇ.

ಆದರೆ 3ಡಿ ಸುಳ್ಳು ಧೈರ್ಯವನ್ನೂ ಕೊಡುತ್ತದೆ. ಇದರ ಬಗ್ಗೆ ಜಾಸ್ತಿ ಜನ ಮಾತಾಡುವುದಿಲ್ಲ. ಹುಡುಗನೊಬ್ಬ 3.9 ಮಿಮೀ ಅಗಲದ ಎಸ್‌ಒಐಸಿ (ಐಸಿಯ ಒಂದು ಆಕಾರ) ಫುಟ್‌ಪ್ರಿಂಟ್, ಅಂದರೆ ಬೋರ್ಡ್ ಮೇಲೆ ಆ ಐಸಿ ಕೂರುವ ಪ್ಯಾಡ್‌ಗಳ ನಕ್ಷೆ, ಆರಿಸಿಕೊಂಡ ಎಂದುಕೊಳ್ಳಿ. ಸಾಫ್ಟ್‌ವೇರ್ ಆ ಫುಟ್‌ಪ್ರಿಂಟ್‌ಗೆ ಹೊಂದುವ 3.9 ಮಿಮೀ ಮಾಡೆಲನ್ನು ತಂದು ಕೂರಿಸುತ್ತದೆ. ಪಿನ್ನುಗಳು ಪ್ಯಾಡ್ ಮೇಲೆ ಸರಿಯಾಗಿ ಕೂತಂತೆ ಕಾಣುತ್ತವೆ. ಅಂಗಡಿಯಿಂದ ತಂದ ಐಸಿ 7.5 ಮಿಮೀ ಅಗಲದ್ದು. 3ಡಿ ಇಲ್ಲಿ ಸುಳ್ಳು ಹೇಳಲಿಲ್ಲ. ಫುಟ್‌ಪ್ರಿಂಟನ್ನು ಅದಕ್ಕೆ ಜೋಡಿಸಿದ್ದ ಮಾಡೆಲ್ ಜೊತೆಗೇ ಹೋಲಿಸಿ ಸರಿ ಅಂದಿತು. ಕೊಂಡು ತಂದ ಐಸಿ ಈ ಹೋಲಿಕೆಯಲ್ಲಿ ಎಲ್ಲೂ ಇರಲೇ ಇಲ್ಲ.

ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ದೂ ಇದೇ ಪಾಡು. ಕೀಕ್ಯಾಡ್ ಲೈಬ್ರರಿಯಲ್ಲಿ ನಿಂತ ಕೆಪಾಸಿಟರ್‌ಗಳ ಫುಟ್‌ಪ್ರಿಂಟ್ ಹೆಸರಿನಲ್ಲಿ ವ್ಯಾಸ ಇದೆ, ಕಾಲುಗಳ ಅಂತರ ಇದೆ. ಎತ್ತರ ಇಲ್ಲ. 10 ಮಿಮೀ ವ್ಯಾಸದ ಕೆಪಾಸಿಟರ್ 12.5, 16, 20 ಮಿಮೀ ಎತ್ತರದಲ್ಲೆಲ್ಲ ಸಿಗುತ್ತದೆ. ತೆರೆಯ ಮೇಲೆ ಕಾಣುವುದು ಇವುಗಳಲ್ಲಿ ಯಾವುದೋ ಒಂದು. ಡಬ್ಬಿಯ ಮುಚ್ಚಳ ಹಾಕುವಾಗ ಲೆಕ್ಕಕ್ಕೆ ಬರುವುದು ಕೊಂಡು ತಂದದ್ದರ ಎತ್ತರ. ಅದಕ್ಕೇ ಮಾಡೆಲನ್ನು ಬರೀ ಫುಟ್‌ಪ್ರಿಂಟ್‌ಗೆ ಕಟ್ಟಬೇಡಿ. ಕಾಂಪೊನೆಂಟ್‌ಗೆ ಕಟ್ಟುವ ಅವಕಾಶ ಇಡಿ. ಕಾಂಪೊನೆಂಟ್‌ಗೆ ಮಾಡೆಲ್ ಹೇಳಿದ್ದರೆ ಅದು, ಇಲ್ಲವಾದರೆ ಫುಟ್‌ಪ್ರಿಂಟ್‌ನದ್ದು. ಜೊತೆಗೆ "ಗರಿಷ್ಠ ಎತ್ತರ" ಎಂಬ ಒಂದು ಸಂಖ್ಯೆ. ಈ ಎರಡು ಸಂಗತಿಗಳನ್ನು ಫೈಲ್ ಫಾರ್ಮ್ಯಾಟ್‌ಗೆ ಈಗಲೇ ಸೇರಿಸಿದರೆ ಮುಂದೆ ಬಹಳ ಕಷ್ಟ ತಪ್ಪುತ್ತದೆ.

ಒಂದು ತಿಂಗಳ ಮಾತಿಗೆ ಬರೋಣ. ಮೊದಲ ಚಿತ್ರ ಬರಲು ಒಂದು ತಿಂಗಳು ಕೂಡ ಬೇಡ. ಹಸಿರು ಹಲಗೆ ತೆರೆಯ ಮೇಲೆ ತಿರುಗುವುದನ್ನು ಒಂದು ವಾರದಲ್ಲಿ ನೋಡಬಹುದು. ಆಮೇಲಿನದ್ದೇ ಉದ್ದದ ಕೆಲಸ, ಅದನ್ನು ಮುಂಚೆಯೇ ತಿಳಿದಿರುವುದು ಒಳ್ಳೆಯದು.

ಮೊದಲಿಗೆ ಬೋರ್ಡಿನ ಅಂಚು. ನಿಮ್ಮ ಫೈಲ್‌ನಲ್ಲಿ ಅದು ಬಿಡಿ ಬಿಡಿ ಗೆರೆ ಮತ್ತು ಕಮಾನುಗಳಾಗಿ ಇರುತ್ತದೆ. 3ಡಿಗೆ ಮುಚ್ಚಿದ ಆಕೃತಿ ಬೇಕು. ಗೆರೆಯ ತುದಿಗಳ ನಡುವೆ ಒಂದು ಮೈಕ್ರಾನ್ ಬಿಟ್ಟಿದ್ದರೂ ಆಕೃತಿ ಮುಚ್ಚುವುದಿಲ್ಲ, ತೆರೆ ಖಾಲಿ ಬರುತ್ತದೆ. ಖಾಲಿ ತೆರೆ ತೋರಿಸಬೇಡಿ. ಸಣ್ಣ ಅಂತರವನ್ನು ಸೇರಿಸಿಕೊಳ್ಳಿ. ಸೇರದಿದ್ದರೆ ಎಲ್ಲವನ್ನೂ ಒಳಗೊಳ್ಳುವ ಒಂದು ಆಯತ ತೋರಿಸಿ, ಅಂಚು ಎಲ್ಲಿ ಮುಚ್ಚಿಲ್ಲ ಎಂದು ಜಾಗ ಗುರುತಿಸಿ ಹೇಳಿ. ಒಳಗೆ ಅಳತೆಗಳನ್ನು ದಶಾಂಶದಲ್ಲಿ ಇಟ್ಟಿದ್ದರೆ ಪೂರ್ಣಾಂಕಕ್ಕೆ ಬದಲಾಯಿಸುವುದು ಒಳ್ಳೆಯದು. ಕೀಕ್ಯಾಡ್ ನ್ಯಾನೋಮೀಟರ್ ಲೆಕ್ಕದಲ್ಲಿ 32 ಬಿಟ್ ಪೂರ್ಣಾಂಕ ಬಳಸುತ್ತದೆ. ಅದರಲ್ಲೇ ಎರಡೂ ದಿಕ್ಕಿಗೆ ಎರಡು ಮೀಟರ್‌ಗಿಂತ ಜಾಸ್ತಿ ಜಾಗ ಸಿಗುತ್ತದೆ.

ಆಮೇಲೆ ಕಳೆಯುವ ಲೆಕ್ಕ. ಮಾಸ್ಕ್ ಅಂದರೆ ಬೋರ್ಡಿನ ಆಕೃತಿಯಿಂದ ಪ್ಯಾಡ್‌ಗಳ ತೆರವು, ರಂಧ್ರಗಳು, ಸ್ಲಾಟ್‌ಗಳನ್ನೆಲ್ಲ ಕಳೆದು ಉಳಿದದ್ದು. ಈ ಕೂಡುವ ಕಳೆಯುವ ಕೆಲಸವನ್ನು ನೀವೇ ಬರೆಯಲು ಹೋಗಬೇಡಿ. ಕ್ಲಿಪರ್ ಅನ್ನುವ ಲೈಬ್ರರಿ ಇದಕ್ಕೆಂದೇ ಇದೆ, ಬೂಸ್ಟ್ ಲೈಸೆನ್ಸ್. ಬಂದ ಆಕೃತಿಯನ್ನು ತ್ರಿಕೋನಗಳಾಗಿ ಒಡೆಯಲು ಮ್ಯಾಪ್‌ಬಾಕ್ಸ್‌ನವರ ಇಯರ್‌ಕಟ್ ಇದೆ, ಐಎಸ್‌ಸಿ ಲೈಸೆನ್ಸ್. ಎರಡೂ ನಿಮ್ಮ ಎಂಐಟಿ ಜೊತೆ ನೆಮ್ಮದಿಯಾಗಿ ಹೊಂದುತ್ತವೆ.

ದಪ್ಪದ ವಿಷಯದಲ್ಲೂ ಒಂದು ತೊಡಕಿದೆ. ಬೋರ್ಡ್ 1.6 ಮಿಮೀ, ಮಾಮೂಲಿ ತಾಮ್ರ 35 ಮೈಕ್ರಾನ್. ಸುಮಾರು ನಲವತ್ತೈದರಲ್ಲಿ ಒಂದು ಪಾಲು. ಮಾಸ್ಕ್ ಅದಕ್ಕಿಂತ ತೆಳು. ಇಷ್ಟು ಹತ್ತಿರದ ಎರಡು ಮೇಲ್ಮೈಗಳಲ್ಲಿ ಯಾವುದು ಮುಂದೆ ಅನ್ನುವುದು ಗ್ರಾಫಿಕ್ಸ್‌ಗೆ ತಿಳಿಯದೆ ಬೋರ್ಡ್ ತಿರುಗಿಸಿದಾಗ ಹಸಿರು, ತಾಮ್ರ ಎರಡೂ ಮಿಣುಕುತ್ತವೆ. ಕ್ಯಾಮೆರಾದ ಹತ್ತಿರದ ಮತ್ತು ದೂರದ ಎಲ್ಲೆಗಳನ್ನು ಸುಮ್ನೆ 0.001ರಿಂದ 10000 ಎಂದು ಇಟ್ಟರೆ ಹೀಗೇ ಆಗುವುದು. ಬೋರ್ಡಿನ ಗಾತ್ರ ನೋಡಿಕೊಂಡು ಪ್ರತಿ ಸಲ ಆ ಎಲ್ಲೆಗಳನ್ನು ಬಿಗಿ ಮಾಡಿ, ಬಹುಪಾಲು ನಿಲ್ಲುತ್ತದೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿನ್ನುವುದು ಕೆಳಬದಿಯ ಕಾಂಪೊನೆಂಟ್. 2ಡಿ ಎಡಿಟರ್‌ನಲ್ಲಿ ಫುಟ್‌ಪ್ರಿಂಟನ್ನು ಕೆಳಗೆ ಕಳಿಸಿದಾಗ ಅದನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ತೋರಿಸುತ್ತೀರಿ, ಯಾಕೆಂದರೆ ಮೇಲಿನಿಂದಲೇ ಬೋರ್ಡಿನ ಮೂಲಕ ನೋಡುತ್ತಿದ್ದೀರಿ. ಅದೇ ಲೆಕ್ಕವನ್ನು 3ಡಿಗೆ ತಂದು ಮಾಡೆಲನ್ನು ಋಣ ಒಂದರಿಂದ ಗುಣಿಸಿದರೆ ಐಸಿಯೇ ಕನ್ನಡಿ ರೂಪವಾಗುತ್ತದೆ. ಅಂಥ ಐಸಿ ಜಗತ್ತಿನಲ್ಲಿಲ್ಲ. ತ್ರಿಕೋನಗಳ ಮುಖವೂ ಒಳಗೆ ತಿರುಗಿ ಮಾಡೆಲ್ ಟೊಳ್ಳಾಗಿ ಕಾಣುತ್ತದೆ. ಕಾಂಪೊನೆಂಟ್ ಯಾವತ್ತೂ ಕನ್ನಡಿ ರೂಪ ಆಗುವುದಿಲ್ಲ, 180 ಡಿಗ್ರಿ ಹೊರಳುತ್ತದೆ. ಇದರ ಮೇಲೆ 2ಡಿಯಲ್ಲಿ ವೈ ಅಕ್ಷ ಕೆಳಮುಖ, 3ಡಿಯಲ್ಲಿ ಮೇಲ್ಮುಖ. ಹಾಗಾಗಿ ತಿರುಗುವ ಕೋನದ ಚಿಹ್ನೆಯೂ ಬದಲಾಗುತ್ತದೆ. 0, 90, 180 ಡಿಗ್ರಿಯಲ್ಲಿ ಮಾತ್ರ ಪರೀಕ್ಷೆ ಮಾಡಿದರೆ ತಪ್ಪು ಅಡಗಿಕೊಂಡೇ ಇರಬಹುದು. ಕೆಳಬದಿಯಲ್ಲಿ 30 ಡಿಗ್ರಿ ತಿರುಗಿಸಿದ ಒಂದು ಐಸಿ ಇಟ್ಟು ನೋಡಿ, ತಪ್ಪಿದ್ದರೆ ತಕ್ಷಣ ಹೊರಬರುತ್ತದೆ.

ಗ್ರಾಫಿಕ್ಸ್ ಕಾರ್ಡ್ ಇಲ್ಲ ಅನ್ನುವ ಚಿಂತೆ ಬಿಡಿ. ಲೆಕ್ಕ ಹಾಕಿ ನೋಡೋಣ. ಒಂದು ಮಿಮೀ ವ್ಯಾಸದ ರಂಧ್ರವನ್ನು ಹದಿನಾರು ಬದಿಯ ಆಕೃತಿಯಾಗಿ ಬರೆದರೆ ನಿಜವಾದ ವೃತ್ತಕ್ಕೂ ಅದಕ್ಕೂ ಇರುವ ವ್ಯತ್ಯಾಸ ಸುಮಾರು 10 ಮೈಕ್ರಾನ್. ಕಣ್ಣಿಗೆ ಧಾರಾಳ ಸಾಕು. ಆ ರಂಧ್ರದ ಒಳಗೋಡೆಗೆ 32 ತ್ರಿಕೋನ. ಸಾವಿರ ರಂಧ್ರಗಳ ಬೋರ್ಡ್ ಆದರೂ 32,000. ತಾಮ್ರ, ಮಾಸ್ಕ್, ಸಿಲ್ಕ್‌ಸ್ಕ್ರೀನ್ ಎಲ್ಲ ಸೇರಿಸಿದರೂ ಒಂದೆರಡು ಲಕ್ಷದ ಆಸುಪಾಸು. ಪ್ರೊಸೆಸರ್ ಜೊತೆಗೇ ಬರುವ ಗ್ರಾಫಿಕ್ಸ್‌ಗೆ ಇದು ಭಾರವೇ ಅಲ್ಲ. ಭಾರ ಬರುವುದು ಮಾಡೆಲ್‌ಗಳಿಂದ. ತಯಾರಕರು ಕೊಡುವ ಕನೆಕ್ಟರ್ ಮಾಡೆಲ್‌ನಲ್ಲಿ ಸ್ಪ್ರಿಂಗ್, ಒಳಗಿನ ಸಂಪರ್ಕಗಳು, ಕೆತ್ತಿದ ಅಕ್ಷರ ಎಲ್ಲವೂ ಇರುತ್ತವೆ. ಅಂಥ ಒಂದೇ ಕನೆಕ್ಟರ್ ಇಡೀ ಬೋರ್ಡಿಗಿಂತ ಭಾರ ಆಗಬಹುದು. ಹಾಗಾಗಿ ಒಂದೇ ರೆಸಿಸ್ಟರ್ ಇನ್ನೂರು ಕಡೆ ಇದ್ದರೆ ಅದರ ತ್ರಿಕೋನಗಳನ್ನು ಒಂದೇ ಸಲ ಕಳಿಸಿ, ಜಾಗ ಮಾತ್ರ ಇನ್ನೂರು ಸಲ ಹೇಳಿ. ಸ್ಟೆಪ್ ಫೈಲ್ ಓದಿ ಒಡೆದ ಫಲಿತಾಂಶವನ್ನು ಡಿಸ್ಕ್‌ನಲ್ಲಿ ಉಳಿಸಿಕೊಳ್ಳಿ, ಕೀಕ್ಯಾಡ್ ಕೂಡ ಹಾಗೇ ಮಾಡುತ್ತದೆ. ಫೋಟೊದಂತೆ ಕಾಣುವ ಅದರ ರೇ ಟ್ರೇಸಿಂಗ್ ನೋಟವಂತೂ ಪ್ರೊಸೆಸರ್ ಮೇಲೇ ಓಡುತ್ತದೆ, ಗ್ರಾಫಿಕ್ಸ್ ಕಾರ್ಡ್ ಮೇಲಲ್ಲ.

ಲ್ಯಾಬ್‌ನಲ್ಲಿ ನಿಜವಾದ ತೊಂದರೆ ಕೊಡುವುದು ಹಳೆಯ ಡ್ರೈವರ್, ವರ್ಚುವಲ್ ಮಷೀನ್, ರಿಮೋಟ್ ಡೆಸ್ಕ್‌ಟಾಪ್. ಅಂಥ ಕಡೆ ಓಪನ್‌ಜಿಎಲ್ ಸಿಗದೇ ಇರಬಹುದು, ಇಲ್ಲವೇ ಲಿನಕ್ಸ್‌ನಲ್ಲಿ ಮೆಸಾ ಗ್ರಾಫಿಕ್ಸ್ ಡ್ರೈವರ್‌ನ ಎಲ್‌ಎಲ್‌ವಿಎಂಪೈಪ್ ಮೂಲಕ ಪ್ರೊಸೆಸರ್ ಮೇಲೇ ನಿಧಾನವಾಗಿ ಓಡಬಹುದು. ಓಪನ್‌ಜಿಎಲ್ 3.3 ದಾಟಬೇಡಿ. ಆಪಲ್ 2018ರಲ್ಲೇ ಓಪನ್‌ಜಿಎಲ್‌ಗೆ ವಿದಾಯ ಹೇಳಿದೆ, ಆದರೂ 4.1ರವರೆಗೆ ಮ್ಯಾಕ್‌ನಲ್ಲಿ ಓಡುತ್ತದೆ. 3ಡಿ ಶುರುವಾಗದಿದ್ದರೆ ಆ ಕಿಟಕಿ ಮಾತ್ರ ತೆರೆಯಬಾರದು, 2ಡಿ ಎಡಿಟರ್ ನಿಲ್ಲಬಾರದು. ನಾಳೆ ಲ್ಯಾಬ್ ಪರೀಕ್ಷೆ ಇರುವ ಹುಡುಗನಿಗೆ ಡ್ರೈವರ್ ಕಾರಣಕ್ಕೆ ಸಾಫ್ಟ್‌ವೇರೇ ತೆರೆಯಲಿಲ್ಲ ಅಂದರೆ ಅದು ದೊಡ್ಡ ಅನ್ಯಾಯ, ಅಲ್ವಾ?

ಇನ್ನು ನಿಮ್ಮದೇ ಯೋಚನೆ, ಕೀಕ್ಯಾಡ್ ಕೋಡ್ ತರುವುದು. ಕೀಕ್ಯಾಡ್ ಜಿಪಿಎಲ್ 3 ಲೈಸೆನ್ಸ್ ಅಡಿಯಲ್ಲಿದೆ. ಎಂಐಟಿ ಕೋಡ್ ಮತ್ತು ಜಿಪಿಎಲ್ ಕೋಡ್ ಸೇರಿಸುವುದಕ್ಕೆ ಅಡ್ಡಿ ಇಲ್ಲ. ಆದರೆ ಸೇರಿದ ಇಡೀ ಪ್ರೋಗ್ರಾಂ ಹಂಚುವಾಗ ಜಿಪಿಎಲ್ ಷರತ್ತುಗಳೇ ಅನ್ವಯ. ನೀವು ಬರೆದ ಭಾಗಗಳು ಬಿಡಿಯಾಗಿ ಎಂಐಟಿಯಾಗೇ ಉಳಿಯುತ್ತವೆ, ಆದರೆ ಬಳಕೆದಾರರ ಕೈಗೆ ಹೋಗುವುದು ಜಿಪಿಎಲ್ ಸಾಫ್ಟ್‌ವೇರ್. ಮೂವರಿಗೂ ಇದು ಒಪ್ಪಿಗೆಯಾದರೆ ತಪ್ಪೇನಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಒಂದು ಫಂಕ್ಷನ್ ಕೂಡ ನಕಲು ಮಾಡಬೇಡಿ. ಓದಿ ಕಲಿಯಿರಿ, ನಿಮ್ಮದನ್ನು ನೀವೇ ಬರೆಯಿರಿ. ಲೈಸೆನ್ಸ್ ಪಕ್ಕಕ್ಕಿಟ್ಟರೂ ಇನ್ನೊಂದು ಕಷ್ಟ ಇದೆ. ಅವರ 3ಡಿ ಭಾಗ ಅವರದೇ ಬೋರ್ಡ್ ಡೇಟಾ ರಚನೆಯ ಜೊತೆ ಹೆಣೆದುಕೊಂಡಿದೆ. ಜೊತೆಗೆ ಅವರು ಡಬ್ಲ್ಯುಎಕ್ಸ್‌ವಿಜೆಟ್ಸ್ ಬಳಸುತ್ತಾರೆ, ನೀವು ಕ್ಯೂಟಿ. ಕಿತ್ತು ತಂದು ಕೂರಿಸುವ ಶ್ರಮದಲ್ಲಿ ಹೊಸದನ್ನೇ ಬರೆಯಬಹುದು.

ಮಾಡೆಲ್‌ಗಳಿಗೆ ಹೋಗೋಣ. ಕೀಕ್ಯಾಡ್ ಲೈಬ್ರರಿಯ 3ಡಿ ಮಾಡೆಲ್‌ಗಳು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿವೆ: ಹೆಸರು ಹೇಳಬೇಕು, ಬದಲಾಯಿಸಿ ಹಂಚಿದರೆ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು. ಜೊತೆಗೊಂದು ವಿನಾಯಿತಿ ಇದೆ. ಅವನ್ನು ಬಳಸಿ ಮಾಡಿದ ಬೋರ್ಡಿಗೆ ಆ ಷರತ್ತು ತಗಲುವುದಿಲ್ಲ. ಹಾಗಾಗಿ ಹುಡುಗರ ಪ್ರಾಜೆಕ್ಟ್‌ಗೆ ತೊಂದರೆ ಇಲ್ಲ. ನೀವು ಲೈಬ್ರರಿಯನ್ನೇ ನಿಮ್ಮ ಸಾಫ್ಟ್‌ವೇರ್ ಜೊತೆ ಹಂಚುವಾಗ ಅದನ್ನು ಬೇರೆ ಪೊಟ್ಟಣವಾಗಿ, ಅದರ ಲೈಸೆನ್ಸ್ ಜೊತೆಗೇ ಇಡಿ. ಈ ಮಾಡೆಲ್‌ಗಳಲ್ಲಿ ಬಹಳಷ್ಟನ್ನು ಯಾರೂ ಕೈಯಲ್ಲಿ ಬಿಡಿಸಿದ್ದಲ್ಲ. ಕ್ಯಾಡ್‌ಕ್ವೆರಿ ಅನ್ನುವ ಪೈಥಾನ್ ಸಾಧನದಲ್ಲಿ ಉದ್ದ, ಅಗಲ, ಪಿನ್ ಸಂಖ್ಯೆ ಕೊಟ್ಟು ಸ್ಕ್ರಿಪ್ಟ್‌ನಿಂದ ಮಾಡಿದ್ದು. ಚಿಕ್ಕ ತಂಡಕ್ಕೆ ಇದೇ ಸರಿಯಾದ ದಾರಿ. ತಯಾರಕರ ವೆಬ್‌ಸೈಟ್‌ನಿಂದ ಸ್ಟೆಪ್ ಇಳಿಸಿಕೊಂಡು ಲೈಬ್ರರಿ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಎಷ್ಟೋ ಕಂಪನಿಗಳು ಡಿಸೈನ್‌ಗೆ ಬಳಸಲು ಬಿಡುತ್ತವೆ, ಮರುಹಂಚಲು ಬಿಡುವುದಿಲ್ಲ.

ಯೂನಿಟ್ ವಿಷಯದಲ್ಲಿ ದಯವಿಟ್ಟು ಕಟ್ಟುನಿಟ್ಟಾಗಿರಿ. ಸ್ಟೆಪ್ ಫೈಲ್ ತನ್ನ ಯೂನಿಟ್ ಏನೆಂದು ಒಳಗೇ ಬರೆದುಕೊಂಡಿರುತ್ತದೆ. ಎಸ್‌ಟಿಎಲ್ ಅನ್ನುವ ಮೆಷ್ ಫೈಲ್‌ನಲ್ಲಿ ಯೂನಿಟ್ಟೂ ಇಲ್ಲ, ಮೂಲ ರೂಪದಲ್ಲಿ ಬಣ್ಣವೂ ಇಲ್ಲ. ಜಿಎಲ್‌ಟಿಎಫ್ ಅನ್ನುವ ಇನ್ನೊಂದು ಮೆಷ್ ಫೈಲ್‌ನಲ್ಲಿ ಮೀಟರ್, ಮೇಲ್ಮುಖ ಅಕ್ಷ ವೈ. ಕೀಕ್ಯಾಡ್ ಸಂಪ್ರದಾಯದ ವಿಆರ್‌ಎಂಎಲ್‌ನಲ್ಲಿ ಒಂದು ಯೂನಿಟ್ ಅಂದರೆ ಇಂಚಿನ ಹತ್ತನೇ ಒಂದು ಭಾಗ, 2.54 ಮಿಮೀ. ಅದರ ಹಳೆಯ ಫುಟ್‌ಪ್ರಿಂಟ್ ಫೈಲ್‌ಗಳಲ್ಲಿ ಮಾಡೆಲ್ ಎಷ್ಟು ಸರಿಸಬೇಕು ಎಂಬುದು ಇಂಚಿನಲ್ಲಿತ್ತು, ಆಮೇಲೆ ಮಿಮೀಗೆ ಬದಲಾಯಿತು. ಹಳೆಯ ಫೈಲ್ ಕೈಬಿಡಬಾರದು ಎಂದು ಎರಡನ್ನೂ ಓದುವ ಕೋಡ್ ಉಳಿಸಿಕೊಳ್ಳಬೇಕಾಯಿತು. ನೀವು ಮೊದಲ ದಿನದಿಂದಲೇ ಮಿಮೀ ಎಂದು ಫೈಲ್ ಒಳಗೇ ಬರೆಯಿರಿ. ಮೂಲಬಿಂದುವಿಗೂ ಒಂದು ನಿಯಮ ಇರಲಿ. ಕೀಕ್ಯಾಡ್ ಲೈಬ್ರರಿಯಲ್ಲಿ ರಂಧ್ರದ ಕಾಂಪೊನೆಂಟ್‌ಗೆ ಒಂದನೇ ಪಿನ್, ಮೇಲ್ಮೈ ಕಾಂಪೊನೆಂಟ್‌ಗೆ ನಡುಭಾಗ. ಅದನ್ನೇ ಅನುಸರಿಸಿದರೆ ಅವರ ಮಾಡೆಲ್ ಹಾಗೇ ಕೂರುತ್ತದೆ.

ಮಾಡೆಲ್ ಫೈಲ್‌ನ ದಾರಿಯನ್ನು ಪೂರ್ತಿ ಬರೆದಿಡಬೇಡಿ. ಒಬ್ಬ ಹುಡುಗ ತನ್ನ ಸಿ ಡ್ರೈವ್‌ನಲ್ಲಿ ಮಾಡಿದ ಬೋರ್ಡನ್ನು ಮೇಷ್ಟ್ರಿಗೆ ಕಳಿಸಿದರೆ ಅಲ್ಲಿ ಎಲ್ಲ ಕಾಂಪೊನೆಂಟ್‌ಗಳೂ ಮಾಯ. ಪ್ರಾಜೆಕ್ಟ್ ಫೋಲ್ಡರ್‌ನಿಂದ ಎಣಿಸಿದ ದಾರಿ ಇಡಿ, ಇಲ್ಲವೇ ಮಾಡೆಲನ್ನು ಪ್ರಾಜೆಕ್ಟ್ ಒಳಗೇ ನಕಲಿಸಿ. ಕೀಕ್ಯಾಡ್ ಕೂಡ 2025ರ 9ನೇ ಆವೃತ್ತಿಯಲ್ಲಿ ಮಾಡೆಲನ್ನು ಫೈಲ್ ಒಳಗೇ ಹುದುಗಿಸುವ ಸೌಲಭ್ಯ ತಂದಿದೆ.

ಮಾಡೆಲ್ ಸಿಗದಿದ್ದಾಗ ಏನು ತೋರಿಸಬೇಕು? ಬಹಳ ಸಾಫ್ಟ್‌ವೇರ್‌ಗಳು ಏನೂ ತೋರಿಸುವುದಿಲ್ಲ. ನನ್ನ ಪ್ರಕಾರ ಅದು ತಪ್ಪು. ಖಾಲಿ ಜಾಗ ನೋಡಿದವರು ಅಲ್ಲಿ ಏನೂ ಇಲ್ಲ ಅಂದುಕೊಳ್ಳುತ್ತಾರೆ, ಅದರ ಮೇಲೇ ಡಿಸ್‌ಪ್ಲೇ ತಂದು ಕೂರಿಸುತ್ತಾರೆ. ಫುಟ್‌ಪ್ರಿಂಟ್‌ನ ಸುತ್ತಳತೆ ಮತ್ತು ಆ ಗರಿಷ್ಠ ಎತ್ತರದ ಸಂಖ್ಯೆ ತೆಗೆದುಕೊಂಡು ಒಂದು ಅರೆಪಾರದರ್ಶಕ ಪೆಟ್ಟಿಗೆ ನಿಲ್ಲಿಸಿ. ಎತ್ತರವೂ ಗೊತ್ತಿಲ್ಲದಿದ್ದರೆ ಪೆಟ್ಟಿಗೆಗೆ ಬೇರೆ ಬಣ್ಣ. ನೋಡಲು ಚೆನ್ನಾಗಿರುವುದಿಲ್ಲ. ಆದರೆ ಆ ಜಾಗ ಖಾಲಿ ಇಲ್ಲ ಅನ್ನುವುದಂತೂ ಗೊತ್ತಾಗುತ್ತದೆ.

ನಿಮ್ಮ ಮುಂದಿರುವ ದಾರಿಗಳು ಇವು. ಅತಿ ಕಡಿಮೆ ಕೆಲಸದ್ದು, 3ಡಿಯನ್ನು ನೀವು ಮಾಡದೆ ಹೊರಗೆ ಕಳಿಸುವುದು. ಪಿಸಿಬಿ-ಆರ್‌ಎನ್‌ಡಿ ಅನ್ನುವ ಪಿಸಿಬಿ ಸಾಫ್ಟ್‌ವೇರ್ ಬೋರ್ಡನ್ನು ಓಪನ್‌ಎಸ್‌ಕ್ಯಾಡ್ (3ಡಿ ಮಾಡೆಲ್ ಮಾಡುವ ಸಾಫ್ಟ್‌ವೇರ್) ಫೈಲ್ ಆಗಿ ಬರೆದುಕೊಡುತ್ತದೆ. ನೀವು ಕೀಕ್ಯಾಡ್ ಬೋರ್ಡ್ ಫೈಲ್ ಆಗಿ ಬರೆದುಕೊಟ್ಟರೆ ಅಲ್ಲಿ 3ಡಿ, ಸ್ಟೆಪ್ ಎರಡೂ ಸಿಗುತ್ತವೆ. ಐಐಟಿ ಬಾಂಬೆಯ ಫಾಸಿ ಯೋಜನೆಯ ಸರ್ಕ್ಯೂಟ್ ಡಿಸೈನ್ ಸಾಫ್ಟ್‌ವೇರ್ ಈಸಿಮ್ ಕೀಕ್ಯಾಡ್ ಮೇಲೇ ಕಟ್ಟಿದ್ದು, ಅದನ್ನು ಬಳಸುವ ಕಾಲೇಜುಗಳಲ್ಲಿ ಕೀಕ್ಯಾಡ್ ಆಗಲೇ ಇರುತ್ತದೆ. ಅಪಾಯ ಏನೆಂದರೆ ಹೊರಗೆ ಹೋಗಿ ನೋಡುವ ಕೆಲಸವನ್ನು ಹುಡುಗರು ಕೊನೆಯಲ್ಲಿ ಒಂದು ಸಲ ಮಾಡುತ್ತಾರೆ, ಅಥವಾ ಮಾಡುವುದೇ ಇಲ್ಲ. 3ಡಿ ಉಪಯೋಗಕ್ಕೆ ಬರುವುದು ಕೆಲಸದ ನಡುನಡುವೆ ನೋಡಿದಾಗ.

ಜಿಎಲ್‌ಟಿಎಫ್ ಬರೆದು ಬ್ರೌಸರ್‌ನಲ್ಲಿ ತ್ರೀ ಜೆಎಸ್ ಅನ್ನುವ ಲೈಬ್ರರಿ ಮೂಲಕ ತೋರಿಸುವುದು ಇನ್ನೊಂದು. ಹಂಚಿಕೊಳ್ಳಲು ಸುಲಭ, ಫೋನ್‌ನಲ್ಲೂ ಕಾಣುತ್ತದೆ. ಬೋರ್ಡ್ ಬದಲಾದಾಗಲೆಲ್ಲ ಮತ್ತೆ ಬರೆಯಬೇಕು ಅನ್ನುವುದೇ ಕೊರತೆ.

ಮೂರನೆಯದು ಸಾಫ್ಟ್‌ವೇರ್ ಒಳಗೇ ಮೆಷ್ ಮಾತ್ರ ತೋರಿಸುವ ಸ್ವಂತ ನೋಟ. ನಿಮ್ಮ ಹುಡುಗರಿಗೆ ಬೇಕಾದದ್ದು ಬಹುತೇಕ ಇದೇ. ಅಳತೆ, ಸ್ಟೆಪ್ ಎರಡೂ ಇದರಲ್ಲಿ ಬರುವುದಿಲ್ಲ.

ನಾಲ್ಕನೆಯದು ಓಪನ್ ಕ್ಯಾಸ್ಕೇಡ್ ತರುವುದು. ಫ್ರಾನ್ಸ್‌ನ ಮಾತ್ರಾ ಡೇಟಾವಿಷನ್ ಕಂಪನಿ ಕಟ್ಟಿದ್ದ ಈ ಜ್ಯಾಮಿತಿ ಎಂಜಿನ್ 1999ರಲ್ಲಿ ಓಪನ್ ಸೋರ್ಸ್ ಆಯಿತು. ಫ್ರೀಕ್ಯಾಡ್, ಕೀಕ್ಯಾಡ್, ಲಿಬ್ರೆಪಿಸಿಬಿ, ಹೊರೈಜನ್ ಇಡಿಎ ಎಲ್ಲವೂ ಸ್ಟೆಪ್‌ಗೆ ನೆಚ್ಚಿಕೊಂಡಿರುವುದು ಇದನ್ನೇ. ಲೈಸೆನ್ಸ್ ಎಲ್‌ಜಿಪಿಎಲ್ 2.1, ಜೊತೆಗೊಂದು ವಿನಾಯಿತಿ. ಬೇರೆ ಲೈಬ್ರರಿಯಾಗಿ ಲಿಂಕ್ ಮಾಡಿದರೆ ನಿಮ್ಮ ಎಂಐಟಿ ಉಳಿಯುತ್ತದೆ. ಆದರೆ ಇದು ತುಂಬ ದೊಡ್ಡದು. ಡೌನ್‌ಲೋಡ್ ಗಾತ್ರ ಉಬ್ಬುತ್ತದೆ, ವಿಂಡೋಸ್‌ನಲ್ಲಿ ಬಿಲ್ಡ್ ಮಾಡಿಕೊಳ್ಳುವುದು ತಲೆನೋವು. ಕೆಟ್ಟ ಸ್ಟೆಪ್ ಫೈಲ್ ಸಿಕ್ಕರೆ ಓದುವ ಪ್ರೋಗ್ರಾಂ ಕುಸಿಯಲೂಬಹುದು. ಹಾಗಾಗಿ ಇದನ್ನು ಮುಖ್ಯ ಪ್ರೋಗ್ರಾಂ ಒಳಗೆ ಬಿಟ್ಟುಕೊಳ್ಳಬೇಡಿ. ಸ್ಟೆಪ್ ಓದಿ ಮೆಷ್ ಕೊಡುವ, ಬೋರ್ಡ್ ತೆಗೆದುಕೊಂಡು ಸ್ಟೆಪ್ ಬರೆಯುವ ಒಂದು ಚಿಕ್ಕ ಸಹಾಯಕ ಪ್ರೋಗ್ರಾಂ ಬೇರೆಯಾಗಿ ಬರೆಯಿರಿ. ಅದು ಬಿದ್ದರೂ ಹುಡುಗನ ಬೋರ್ಡ್ ಉಳಿಯುತ್ತದೆ. ಅದು ಇಲ್ಲದ ಕಡೆ ಪೆಟ್ಟಿಗೆಗಳು ಕಾಣುತ್ತವೆ. ಮೆಷ್‌ಗೆ ಒಡೆಯುವಾಗ 0.05ರಿಂದ 0.1 ಮಿಮೀ ವ್ಯತ್ಯಾಸ ಬಿಟ್ಟರೆ ನೋಡಲು ಸಾಕು. ಸ್ಟೆಪ್ ಬರೆಯುವಾಗ ಟ್ರ್ಯಾಕ್‌ಗಳನ್ನೂ ಘನ ಆಕೃತಿಯಾಗಿ ಸೇರಿಸಲು ಹೋದರೆ ಬಹಳ ಹೊತ್ತು ಹಿಡಿಯುತ್ತದೆ. ಡಬ್ಬಿ ಮಾಡುವವರಿಗೆ ಅದು ಬೇಕಾಗುವುದೂ ಇಲ್ಲ. ಬೋರ್ಡ್, ರಂಧ್ರ, ಕಾಂಪೊನೆಂಟ್ ಕೊಟ್ಟರೆ ಆಯಿತು.

ನಾನಾದರೆ ಮೂರು ಮತ್ತು ನಾಲ್ಕನೆಯದನ್ನು ಈ ಕ್ರಮದಲ್ಲಿ ಮಾಡುತ್ತಿದ್ದೆ. ಮೊದಲು ತೆರೆಯ ಮೇಲೆ ಏನೂ ಕಾಣದ ಕೆಲಸ: ಫೈಲ್ ಫಾರ್ಮ್ಯಾಟ್‌ಗೆ ಬೋರ್ಡ್ ದಪ್ಪ, ಗರಿಷ್ಠ ಎತ್ತರ, ಮಾಡೆಲ್ ಕೊಂಡಿ, ಸರಿಸುವ ಅಳತೆ, ಕೋನ. ಆಮೇಲೆ ಬೋರ್ಡ್ ಮತ್ತು ಪೆಟ್ಟಿಗೆಗಳಷ್ಟೇ ಇರುವ ನೋಟ. ಇಷ್ಟನ್ನು ಮುಂದಿನ ಸೆಮಿಸ್ಟರ್ ಒಳಗೆ ಹುಡುಗರಿಗೆ ಕೊಡಬಹುದು. ಕನೆಕ್ಟರ್ ದಿಕ್ಕು, ಮಾಸ್ಕ್, ಎತ್ತರದ ತಪ್ಪುಗಳಲ್ಲಿ ಹೆಚ್ಚಿನವು ಅಲ್ಲೇ ಸಿಕ್ಕಿಬೀಳುತ್ತವೆ. ಸಹಾಯಕ ಪ್ರೋಗ್ರಾಂ, ನಿಜವಾದ ಮಾಡೆಲ್‌ಗಳು, ಸ್ಟೆಪ್ ಎಕ್ಸ್‌ಪೋರ್ಟ್ ಅದರ ನಂತರದ ಬಿಡುಗಡೆಗೆ.

ಸ್ಟೆಪ್ ಕೊಡುವ ಹಂತಕ್ಕೆ ಬಂದಾಗ ಪರೀಕ್ಷೆಗೆಂದೇ ಒಂದು ಬೋರ್ಡ್ ಮಾಡಿಟ್ಟುಕೊಳ್ಳಿ. ಚೌಕ ಬೇಡ, ಎಲ್ ಆಕಾರ ಇರಲಿ, ಆಗ ಮಗುಚಿದ್ದು ತಕ್ಷಣ ಗೊತ್ತಾಗುತ್ತದೆ. ಒಂದು ಸ್ಲಾಟ್, ಒಳಗೊಂದು ಕತ್ತರಿಸಿದ ಕಿಂಡಿ, ಕೆಳಬದಿಯಲ್ಲಿ ಆ 30 ಡಿಗ್ರಿಯ ಐಸಿ, ಸರಿಸಿ ಕೂರಿಸಿದ ಒಂದು ಕನೆಕ್ಟರ್. ಇದನ್ನು ಪ್ರತಿ ಬಿಡುಗಡೆಗೆ ಮುಂಚೆ ಫ್ರೀಕ್ಯಾಡ್‌ನಲ್ಲಿ ತೆರೆದು ಅಳೆಯಿರಿ. ಬಳಸುವವರಿಗೂ ಒಂದು ಮಾತು ಹೇಳಿಬಿಡಿ. ತೆರೆಯ ಮೇಲಿನ 1.6 ಮಿಮೀ ಬೋರ್ಡ್ ಕೈಗೆ ಬರುವಾಗ ಸಾಮಾನ್ಯವಾಗಿ ಶೇಕಡಾ 10 ಹೆಚ್ಚು ಕಡಿಮೆ ಇರಬಹುದು, ಬೆಸುಗೆ ಹಾಕಿದ ಕಾಂಪೊನೆಂಟ್ ಸ್ವಲ್ಪ ವಾಲಿರಬಹುದು, ಯುಎಸ್‌ಬಿ ಕೇಬಲ್‌ನ ತಲೆ ಕನೆಕ್ಟರ್‌ಗಿಂತ ದಪ್ಪ. ಡಬ್ಬಿಯ ಕಿಂಡಿ ಕೊರೆಯುವ ಮುಂಚೆ ಬೋರ್ಡಿನ ಚಿತ್ರವನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು, ಕೊಂಡು ತಂದ ಕಾಂಪೊನೆಂಟ್‌ಗಳನ್ನು ಅದರ ಮೇಲಿಟ್ಟು ನೋಡಲಿ. ಎಸ್‌ಒಐಸಿ ಅಗಲದಂಥ ತಪ್ಪು ಸಿಗುವುದು ಅಲ್ಲೇ. ಆ ಪ್ರಿಂಟ್ ತೆಗೆಯುವ ಬಟನ್ 3ಡಿ ಕಿಟಕಿಯಲ್ಲೇ ಇದ್ದರೆ ಇನ್ನೂ ಒಳ್ಳೆಯದು.